ಮೊಲದ ಬಾಣಂತನ

ನಮ್ಮ ಮನೆಯ ಮೊಲವೂ ಸೀನುತ್ತದೆ ಎಂಬುದು ಗೊತ್ತಾದದ್ದು ನಮ್ಮ ಅತ್ತೆಯ ಚಪ್ಪಲಿಯಿಂದ. ಎಲ್ಲಿಗೋ ಹೊರಟವರು ಚಪ್ಪಲಿ ಮೆಟ್ಟಿ, ಗೇಟಿನ ಚಿಲಕಕ್ಕೆ ಕೈ ಹಾಕಿ, ಹಾಗೇ ನಿಂತುಬಿಟ್ಟರು. ಮೇಲಿಂದೆಲ್ಲೋ ಒಂದು ಸೀನು ಕೇಳಿಸಿತ್ತು. ಒಂದೇ ಒಂದು. ಹೊರಡುವ ಹೊತ್ತಿಗೆ ಒಂಟಿ ಸೀನು ಬಿದ್ದರೆ ನಮ್ಮತ್ತೆ ಹೆಜ್ಜೆ ಮುಂದಿಡುವವರಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಒಂದು ಲೋಟ ನೀರು ಕುಡಿದು, ಸೋಫಾದ ಮೇಲೆ ಕೂತು ಎರಡನೇ ಸೀನಿಗೆ ಕಾಯುತ್ತಾರೆ. ಎರಡನೆಯದು ಬಿದ್ದರೆ ದೋಷ ಕಳೆಯಿತು ಅಂತ ಲೆಕ್ಕ. ಬೀಳದಿದ್ದರೆ ಅವರಿಗೆ ಸಮಾಧಾನ ಆಗುವವರೆಗೆ ಕೂತಿರಬೇಕು.

"ಯಾರೇ ಸೀನಿದ್ದು?" ಅಂತ ನನ್ನನ್ನು ಕೇಳಿದರು.

"ನಾನಲ್ಲ ಅತ್ತೆ."

"ನಾನೂ ಅಲ್ಲಮ್ಮ," ಎಂದು ನಮ್ಮವರು ಬಚ್ಚಲಮನೆಯಿಂದಲೇ ಕೂಗಿದರು. ಪಕ್ಕದ ಪೀಜಿಯ ಹುಡುಗರ ಮೇಲೆ ಅಪವಾದ ಹೊರಿಸಿದ್ದಾಯಿತು.

ಆ ವಾರವೆಲ್ಲ ಇದೇ ಆಟ. ಬ್ಯಾಟರಾಯನಪುರದಲ್ಲಿರುವ ಮಗಳ ಮನೆಗೆ ಹೊರಟರೆ ಸೀನು. ದೇವಸ್ಥಾನಕ್ಕೆ ಹೊರಟರೆ ಸೀನು. ಕೊನೆಗೊಂದು ದಿನ ಗೇಟಿನ ಮುಂದೆ ಆಟೋ ಬಂದು ನಿಂತಿದೆ, ಆಟೋದವನು ಹಾರ್ನ್ ಹೊಡೆಯುತ್ತಿದ್ದಾನೆ, ನಮ್ಮತ್ತೆ ಸೋಫಾ ಬಿಟ್ಟು ಏಳುತ್ತಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ನನಗೆ ಬೇಗ ಬರುತ್ತದೆ, ಮುಚ್ಚಿಡುವುದೇನಿದೆ. ಈ ಸೀನುವ ಮಹಾರಾಯ ಯಾರು ಅಂತ ನೋಡಿಯೇಬಿಡೋಣ ಎಂದು ದಡದಡ ಮೆಟ್ಟಿಲು ಹತ್ತಿ ತಾರಸಿಗೆ ಹೋದೆ.

ತಾರಸಿಯ ಮೂಲೆಯಲ್ಲಿ ನಮ್ಮ ಮೊಲಗಳ ಶೆಡ್ಡು. ಅದಕ್ಕೆ ಸುತ್ತಲೂ ಟಾರ್ಪಾಲು ಹೊದಿಸಿತ್ತು. ಒಳಗೆ ಬೂದುಬಣ್ಣದ ಹೆಣ್ಣುಮೊಲ ಇದ್ದ ಗೂಡಿಗೆ ಮತ್ತೆ ಎರಡು ಕಂಬಳಿ. ಕಂಬಳಿ ಎತ್ತಿದೆ. ಸಾಂಬ್ರಾಣಿ ಹೊಗೆಯೂ ಉಚ್ಚೆಯ ಗಾಟೂ ಒಟ್ಟಿಗೆ ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. ಆ ಕತ್ತಲಲ್ಲಿ ಕೂತಿದ್ದ ಅವಳು ನನ್ನ ಮುಖ ನೋಡಿ ಒಮ್ಮೆ ಸೀನಿದಳು. ಆಮೇಲೆ ಎರಡೂ ಮುಂಗಾಲಲ್ಲಿ ಮೂಗನ್ನು ತಿಕ್ಕಿ ತಿಕ್ಕಿ ಒರೆಸಿಕೊಂಡಳು. ನಮ್ಮತ್ತೆಯನ್ನು ವಾರದಿಂದ ಮನೆಯಲ್ಲಿ ಕೂರಿಸಿದವಳು ಇವಳು.

ಅವಳನ್ನು ಹಾಗೆ ಹೊಗೆಯಲ್ಲಿ ಮುಚ್ಚಿಟ್ಟವರೂ ನಮ್ಮತ್ತೆಯೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮದು ಕೊಡಿಗೇಹಳ್ಳಿಯ ಹಳೇ ಮನೆ. ಸುತ್ತ ನಾಲ್ಕು ಮಹಡಿ, ಐದು ಮಹಡಿ ಎದ್ದು ನಿಂತು ನಮ್ಮ ತಾರಸಿಗೆ ಬಿಸಿಲು ಮಧ್ಯಾಹ್ನ ಮಾತ್ರ ಬರುತ್ತದೆ. ನಮ್ಮ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದ ಗಂಡ ಹೆಂಡತಿ ಊರು ಬಿಡುವಾಗ, "ಒಂದು ತಿಂಗಳು ನೋಡ್ಕೊಳಿ ಆಂಟಿ, ಬಂದು ತಗೊಂಡು ಹೋಗ್ತೀವಿ" ಅಂತ ಎರಡು ಮೊಲ ಕೈಗಿತ್ತು ಹೋದರು. ಇವತ್ತಿಗೂ ಬಂದಿಲ್ಲ. ನಾನು ಆಗಷ್ಟೇ ಆಫೀಸಿನ ಕೆಲಸ ಬಿಟ್ಟಿದ್ದೆ. ಎದುರು ಮಾತಾಡದ ಜೀವ ಏನಾದರೂ ಮನೆಯಲ್ಲಿರಲಿ ಅನ್ನಿಸಿತ್ತು. ಎರಡು ನಾಲ್ಕಾಗಿ, ನಾಲ್ಕು ಹತ್ತಾಗಿ, ಮರಿ ಬೇಕು ಅಂತ ಯಲಹಂಕದಿಂದ, ಆರ್.ಟಿ. ನಗರದಿಂದ ಜನ ಹುಡುಕಿಕೊಂಡು ಬರುವ ಹಾಗಾಯಿತು.

ಮೊದಮೊದಲು ನಮ್ಮತ್ತೆಗೆ ಇದು ತಮಾಷೆ. "ಕುಯ್ಯಾಕೂ ಇಲ್ಲ, ಕರಿಯಾಕೂ ಇಲ್ಲ. ಇದ್ಯಾವ ಸಾಕಾಣಿಕೆನೇ ನಿಂದು?" ಎನ್ನುತ್ತಿದ್ದರು. ಹತ್ತಿರ ಬರುತ್ತಿರಲಿಲ್ಲ. ಬೂದುಬಣ್ಣದವಳು ಮೊದಲ ಸಲ ಗಬ್ಬವಾಗಿ, ಹೆರುವ ಮುಂಚೆ ತನ್ನ ಎದೆಯ ತುಪ್ಪಳವನ್ನು ತಾನೇ ಬಾಯಲ್ಲಿ ಕಿತ್ತು ಕಿತ್ತು ಗೂಡಲ್ಲಿ ಹಾಸಿಗೆ ಮಾಡಿದ್ದನ್ನು ಒಂದು ಬೆಳಿಗ್ಗೆ ಕಂಡರು ನೋಡಿ, ಅಲ್ಲಿಗೆ ಮುಗಿಯಿತು. "ಅಯ್ಯೋ ನನ್ನವ್ವ, ತನ್ನ ಕೂದ್ಲು ತಾನೇ ಕಿತ್ಕಂಡವಳಲ್ಲೇ!" ಅಂತ ಸೆರಗಲ್ಲಿ ಕಣ್ಣೊರೆಸಿಕೊಂಡರು. ಅವತ್ತಿನಿಂದ ಅವಳು ನಮ್ಮ ಮನೆಯಲ್ಲಿ ‘ಉಡ್ಗಿ’.

ಹುಡುಗಿ ಎಂದಮೇಲೆ ಉಳಿದ ಸಂಬಂಧಗಳೆಲ್ಲ ತಾವಾಗಿ ಬಂದವು. ಮೊಲದಲ್ಲಿ ಗಂಡನ್ನು ಹೆಣ್ಣಿನ ಗೂಡಿಗೆ ತರುವುದಿಲ್ಲ. ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ದು ಬಿಡಬೇಕು. ಕೆಂಪಾಪುರದಲ್ಲಿ ಒಬ್ಬರ ಹತ್ತಿರ ಒಳ್ಳೆ ಬಿಳೀ ಗಂಡುಮೊಲ ಇತ್ತು. ನಾನು ಬುಟ್ಟಿಯಲ್ಲಿ ಇವಳನ್ನು ಇಟ್ಟುಕೊಂಡು ಅಲ್ಲಿಗೆ ಹೊರಟರೆ ನಮ್ಮತ್ತೆಯ ಬಾಯಲ್ಲಿ ಅದು ಗಂಡನ ಮನೆಗೆ ಕಳಿಸುವುದು. ವಾಪಸ್ ಬಂದರೆ ತವರಿಗೆ ಬಂದಳು ಅಂತ. ಈ ಸಲ ಹೋದಾಗ ಆ ಬಿಳೀ ಗಂಡು ಸೀನುತ್ತಿದ್ದದ್ದನ್ನು ನಾನು ನೋಡಿದ್ದೆ. ಯಜಮಾನರು ಟವೆಲಿನಿಂದ ಅದರ ಮೂಗೊರೆಸಿ, "ಡಸ್ಟ್ ಅಲರ್ಜಿ ಮೇಡಂ. ಬೆಂಗಳೂರಲ್ಲಿ ಯಾರಿಗಿಲ್ಲ ಹೇಳಿ?" ಅಂದರು. ನನಗೂ ಇದೆ, ಹಾಗಾಗಿ ನಂಬಿದೆ.

ಒಂದು ತಿಂಗಳಿಗೆ ಮರಿಯಾದವು. ಹೆಬ್ಬೆರಳಿನಷ್ಟುದ್ದದ, ಕಣ್ಣು ಬಿಡದ, ಮೈಮೇಲೆ ಕೂದಲಿಲ್ಲದ ಆರು ಮರಿ. ಆಗ ನಮ್ಮತ್ತೆ ಸೆರಗು ಸಿಕ್ಕಿಸಿಕೊಂಡು ಕಾರ್ಯಕ್ಕಿಳಿದರು.

ನಮ್ಮತ್ತೆ ಅಂದರೆ ಬಾಣಂತನಕ್ಕೆ ಹೆಸರುವಾಸಿ. ನಮ್ಮ ಬೀದಿಯಲ್ಲಿ ಹಳೇ ಮನೆಗಳವರಲ್ಲಿ ಅವರ ಕೈಯಲ್ಲಿ ಎಣ್ಣೆ ತಿಕ್ಕಿಸಿಕೊಳ್ಳದೆ, ನೀರು ಹುಯ್ಯಿಸಿಕೊಳ್ಳದೆ ಎದ್ದ ಬಾಣಂತಿ ಕಡಿಮೆ. ಈಗಿನವರು ಆಸ್ಪತ್ರೆಯಿಂದ ನೇರ ಫ್ಲ್ಯಾಟಿಗೆ ಹೋಗಿ ಫ್ಯಾನ್ ಹಾಕಿಕೊಂಡು ಮಲಗುತ್ತಾರೆ ಅಂತ ಅವರಿಗೆ ದೊಡ್ಡ ಕೊರಗು. ಬಹಳ ದಿನದಿಂದ ಕೈಗೆ ಕೆಲಸ ಸಿಕ್ಕಿರಲಿಲ್ಲ. ಸಿಕ್ಕಿದ್ದು ಈ ಮೊಲ. ಗಾಳಿಯಾಡದ ಹಾಗೆ ಟಾರ್ಪಾಲು ಕಟ್ಟಿಸಿದರು. ಬೆಚ್ಚಗಿರಲಿ ಅಂತ ಕಂಬಳಿ ಹೊದಿಸಿದರು. ತಂಪು ಅಂತ ಹಸಿ ಸೊಪ್ಪು ನಿಲ್ಲಿಸಿದರು. ಬೆಳಿಗ್ಗೆ ಸಂಜೆ ಮಣ್ಣಿನ ಬಟ್ಟಲಲ್ಲಿ ಕೆಂಡ ತಂದು, ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಎಬ್ಬಿಸಿ, ಒಳಗೇ ಬಿಟ್ಟು ಮುಚ್ಚುತ್ತಿದ್ದರು.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಒಂದು ದಿನ ಹೋಗಿ ನೋಡುತ್ತೇನೆ, ಮೊಲವನ್ನು ತೊಡೆಯ ಮೇಲೆ ಅದುಮಿ ಹಿಡಿದು ಅದರ ತಲೆಗೆ ಹಳೇ ಪಂಚೆಯ ಚೂರು ಸುತ್ತುತ್ತಿದ್ದಾರೆ.

"ಏನ್ ಮಾಡ್ತಿದೀರ ಅತ್ತೆ?"

"ಬಾಣಂತಿ ಕಿವಿಗೆ ಗಾಳಿ ಓಗ್ಬಾರ್ದು ಕಣೆ. ಇಡ್ಕೊ ಈ ಕಡೆ."

ಮೊಲ ಎಂದರೆ ಮುಕ್ಕಾಲು ಪಾಲು ಕಿವಿಯೇ. ಅದನ್ನು ಎಲ್ಲಿಂದ ಶುರುಮಾಡಿ ಎಲ್ಲಿಗೆ ಕಟ್ಟುವುದು! ಒಂದು ಕಿವಿ ಒಳಗೆ ತುರುಕಿದರೆ ಇನ್ನೊಂದು ಆಚೆ ನೆಗೆಯುತ್ತಿತ್ತು. ಕೊನೆಗೆ ಹಿಂಗಾಲಿನಿಂದ ಒಂದು ಒದೆ ಕೊಟ್ಟು, ತಲೆಯ ಮೇಲೆ ಅರ್ಧ ರುಮಾಲು ಇಟ್ಟುಕೊಂಡೇ ಗೂಡಿನೊಳಗೆ ಓಡಿತು. ನಾನು ನಕ್ಕು ನಕ್ಕು ನೀರಿನ ಟ್ಯಾಂಕಿಗೆ ಒರಗಿದೆ. ನಮ್ಮತ್ತೆ ನಗಲಿಲ್ಲ. "ನಗು, ನಗು. ನಾಳೆ ಶೀತ ಆದ್ರೆ ಆಗ ಗೊತ್ತಾಯ್ತದೆ," ಎಂದರು.

ಶೀತ ಆಗಿಯೇ ಆಯಿತು. ಸೀನಿದಾಗ ಮೊದಲು ನೀರಿನ ಹಾಗೆ ಬರುತ್ತಿದ್ದದ್ದು ಆಮೇಲೆ ಬಿಳೀ ಸಿಂಬಳವಾಯಿತು. ಮೂಗೊರೆಸಿ ಒರೆಸಿ ಮುಂಗಾಲಿನ ಒಳಬದಿಯ ಕೂದಲೆಲ್ಲ ಗಂಜಿ ಹಾಕಿದ ಬಟ್ಟೆಯ ಹಾಗೆ ಗಟ್ಟಿಯಾಯಿತು. ಉಸಿರಾಡಿದರೆ ಗೊರ್ ಗೊರ್ ಅಂತ ಸದ್ದು. ನಾನು ಹೇಳಿದೆ, ಹೊಗೆ ನಿಲ್ಲಿಸಿ ಅತ್ತೆ ಅಂತ. ಅವರು ಹೇಳಿದರು, ಹೊಗೆ ಕಮ್ಮಿಯಾಗಿದ್ದಕ್ಕೇ ಹೀಗಾಗಿದೆ ಅಂತ. ಸೀನು ಹೆಚ್ಚಾದಷ್ಟೂ ಕೆಂಡ ಹೆಚ್ಚಾಯಿತು. ನಾನು ಟಾರ್ಪಾಲಿನ ಒಂದು ಮೂಲೆ ಎತ್ತಿ ಕಟ್ಟಿ ಬಂದರೆ ಅವರು ಹೋಗಿ ಇಳಿಸಿ ಬರುತ್ತಿದ್ದರು. ಮೊಣಕಾಲು ನೋವು ಅಂತ ಹಾಲಿನ ಪ್ಯಾಕೆಟ್ ತರಲು ಗೇಟಿನವರೆಗೆ ಹೋಗದವರು ತಾರಸಿಯ ಮೆಟ್ಟಿಲನ್ನು ದಿನಕ್ಕೆ ಅದೆಷ್ಟು ಸಲ ಹತ್ತುತ್ತಿದ್ದರೋ. ಒಂದು ಬೆಳಿಗ್ಗೆ ಹುಡುಗಿ ಮುಂದಿಟ್ಟ ಹಿಂಡಿ ಮೂಸಿ ನೋಡಲೂ ಇಲ್ಲ. ಮರಿಗಳ ಹೊಟ್ಟೆ ಒಳಕ್ಕೆ ಹೋಗಿತ್ತು. ತಾಯಿ ತಿನ್ನದಿದ್ದರೆ ಹಾಲೆಲ್ಲಿಂದ ಬರಬೇಕು? ಇನ್ನು ಬಿಟ್ಟರೆ ತಾಯಿಯೂ ಉಳಿಯುವುದಿಲ್ಲ, ಮರಿಯೂ ಉಳಿಯುವುದಿಲ್ಲ ಅಂತ ನನಗೆ ದಿಗಿಲಾಯಿತು. ಹೆಬ್ಬಾಳದ ಕಡೆ ಮೊಲ, ಗಿಳಿಗಳನ್ನೂ ನೋಡುವ ಡಾಕ್ಟರ್ ಒಬ್ಬರಿದ್ದಾರೆ ಅಂತ ಕೇಳಿ ಫೋನ್ ಮಾಡಿದೆ.

"ನಾನೂ ಬತ್ತೀನಿ," ಎಂದರು ಅತ್ತೆ.

ಬರಲಿ, ಅದೇ ನನಗೆ ಬೇಕಾಗಿತ್ತು. ನಾನು ಹೇಳಿದರೆ ಕೇಳದವರು ಬಿಳೀ ಕೋಟು ಹಾಕಿದವರು ಹೇಳಿದರೆ ಕೇಳಲಿ. ಹೊರಡುವಾಗ ಬುಟ್ಟಿಯೊಳಗಿನಿಂದ ಒಂದು ಸೀನು ಬಿತ್ತು. ನಾನು ಅತ್ತೆಯ ಮುಖ ನೋಡಿದೆ. ಒಂದು ಗಳಿಗೆ ನಿಂತರು. ಆಮೇಲೆ ಆಟೋ ಹತ್ತಿದರು. ಅವರಿಗೂ ದಿಗಿಲಾಗಿದೆ ಎಂದು ನನಗೆ ಆಗಲೇ ಗೊತ್ತಾಯಿತು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬುಟ್ಟಿಯಿಂದ ಹುಡುಗಿಯನ್ನು ಎತ್ತಿ ಮೇಜಿನ ಮೇಲಿಟ್ಟು, ಮೊದಲು ನೋಡಿದ್ದು ಮೂಗನ್ನಲ್ಲ, ಮುಂಗಾಲನ್ನು.

"ನೋಡಿ ಅಜ್ಜಿ, ಕೂದಲು ಹೆಂಗೆ ಅಂಟ್ಕೊಂಡಿದೆ. ಕರ್ಚೀಫ್ ಇಲ್ವಲ್ಲ ಪಾಪ, ಇದರಲ್ಲೇ ಒರೆಸ್ಕೊಂಡಿದಾಳೆ." ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. "ಇದು ಬ್ಯಾಕ್ಟೀರಿಯಾದಿಂದ ಬರೋದು. ಎಷ್ಟೋ ಮೊಲಗಳ ಮೂಗಲ್ಲಿ ಸುಮ್ನೆ ಕೂತಿರತ್ತೆ, ಏನೂ ಮಾಡಲ್ಲ. ಮೈ ಸೋತಾಗ ಎದ್ದು ಕೂತ್ಕೊಳತ್ತೆ. ಹೆರಿಗೆ ಆದಾಗ, ಗಾಳಿ ಇಲ್ದಿದ್ದಾಗ, ಉಚ್ಚೆ ಗಾಟು ತುಂಬ್ಕೊಂಡಾಗ. ಗಂಡು ಮೊಲಕ್ಕೆ ಸೀನು ಇತ್ತಾ ಮೇಡಂ?"

"ಇತ್ತು. ಡಸ್ಟ್ ಅಲರ್ಜಿ ಅಂದ್ರು."

"ಸರಿ ಹೋಯ್ತು! ಅಲ್ಲಿಂದ್ಲೇ ಬಂದಿರ್ಬಹುದು. ಎಲ್ಲಿಟ್ಟಿದೀರ ಇವಳನ್ನ?"

ಈ ಪ್ರಶ್ನೆಗೇ ನಾನು ಕಾಯುತ್ತಿದ್ದದ್ದು. ಟಾರ್ಪಾಲಿನಿಂದ ಶುರುಮಾಡಿ ಕಂಬಳಿ, ಕೆಂಡ, ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ ಒಂದನ್ನೂ ಬಿಡದೆ ಉಪ್ಪುಖಾರ ಹಚ್ಚಿ ಹೇಳಿದೆ. ಕಿವಿಗೆ ಪಂಚೆ ಕಟ್ಟಿದ್ದನ್ನು ಹೇಳಿದಾಗ ಡಾಕ್ಟರ್ ಗೋಡೆಯ ಕಡೆ ತಿರುಗಿಕೊಂಡರು. ಭುಜ ಅಲುಗುತ್ತಿತ್ತು. ತಿರುಗಿದಾಗ ಮುಖ ಗಂಭೀರವಾಗಿತ್ತು. ಅವರು ಅತ್ತೆಯನ್ನು ಗದರಲಿಲ್ಲ. ಗದರಿದ್ದರೇ ಚೆನ್ನಾಗಿತ್ತೇನೋ.

"ಅಜ್ಜಿ, ಮೊಲ ನಮ್ಮ ಹಾಗೆ ಬಾಯಲ್ಲಿ ಉಸಿರು ಎಳ್ಕೊಳಲ್ಲ. ಅದಕ್ಕೆ ಮೂಗೊಂದೇ ದಾರಿ. ಅದೂ ಕಟ್ಕೊಂಡಿರುವಾಗ ಹೊಗೆ ಹಾಕಿದ್ರೆ ಎಲ್ಲಿಗೆ ಹೋಗ್ಬೇಕು ಹೇಳಿ ಅದು? ಗೂಡಿನ ಬಾಗಿಲೂ ಮುಚ್ಚಿರತ್ತೆ."

ಅತ್ತೆ ಮೇಜಿನ ಅಂಚು ಹಿಡಿದುಕೊಂಡಿದ್ದರು. "ಬದುಕ್ತಾಳಾ ತಾಯಿ?" ಎಂದರು.

"ಎದೆಗೂ ಸ್ವಲ್ಪ ಇಳಿದಿರೋ ಹಾಗಿದೆ. ಇಂಜೆಕ್ಷನ್ ಕೊಡೋಣ. ತಿನ್ನಕ್ಕೆ ಶುರುಮಾಡಿದ್ರೆ ಬದುಕ್ತಾಳೆ. ತಿನ್ಲಿಲ್ಲ ಅಂದ್ರೆ ಕಷ್ಟ." ಬದುಕಿದರೂ ಇನ್ನು ಅವಳಿಗೆ ಮರಿ ಮಾಡಿಸಬಾರದು, ಬೇರೆ ಮೊಲಗಳ ಹತ್ತಿರ ಬಿಡಬಾರದು, ರೋಗ ವಾಸಿಯಾದ ಹಾಗೆ ಕಂಡರೂ ಒಳಗೇ ಇದ್ದು ಉಳಿದವಕ್ಕೆ ಹರಡುತ್ತದೆ ಅಂತಲೂ ಹೇಳಿದರು. ಮನುಷ್ಯರ ಮಾತ್ರೆ ಏನಾದರೂ ಕೊಟ್ಟಿರಾ ಅಂತ ವಿಚಾರಿಸಿದರು. ಇಲ್ಲ ಎಂದೆ. ಸದ್ಯ, ಕೆಲವು ಮಾತ್ರೆ ಮೊಲದ ಹೊಟ್ಟೆಗೆ ವಿಷವಂತೆ. ನಮ್ಮವರ ಹಳೇ ಕೆಮ್ಮಿನ ಮಾತ್ರೆಯ ಮೇಲೆ ಅತ್ತೆಯ ಕಣ್ಣು ಆಗಲೇ ಬಿದ್ದಿತ್ತು.

ವಾಪಸ್ ಬರುವಾಗ ಹೆಬ್ಬಾಳದ ಫ್ಲೈಓವರಿನ ಮೇಲೆ ಗಾಡಿಗಳು ನಿಂತಲ್ಲೇ ನಿಂತವು. ಅತ್ತೆಯ ತೊಡೆಯ ಮೇಲೆ ಬುಟ್ಟಿ. ಗೆದ್ದ ಮೇಲೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ‘ನಾನು ಆವತ್ತೇ ಹೇಳಲಿಲ್ಲವಾ’ ಎಂದು ಶುರುವಾಗುವ ಒಂದು ಭಾಷಣ ನನ್ನ ನಾಲಿಗೆಯ ತುದಿಯಲ್ಲಿತ್ತು. ನಿಜ ಹೇಳಬೇಕೆಂದರೆ ಅದು ಮೊಲದ ಭಾಷಣ ಅಲ್ಲವೇ ಅಲ್ಲ. ನನ್ನ ಮಗ ಹುಟ್ಟಿದಾಗ ನಮ್ಮಮ್ಮನಿಗೆ ಕೈಲಾಗುತ್ತಿರಲಿಲ್ಲ ಅಂತ ನನ್ನ ಬಾಣಂತನವನ್ನೂ ಇವರೇ ಮಾಡಿದ್ದರು. ಮನೆಯ ಹಿಂದಿನ ಕೋಣೆ, ಮುಚ್ಚಿದ ಕಿಟಕಿ, ಕಿವಿಗೆ ಹತ್ತಿ, ಎರಡು ಹೊತ್ತೂ ಹೊಗೆ. ಕೂಸನ್ನು ತಬ್ಬಿಕೊಂಡು ಕೆಮ್ಮುತ್ತಿದ್ದೆ. ಆ ಭಾಷಣ ಆವಾಗಿನಿಂದ ನನ್ನೊಳಗೆ ಕುದಿಯುತ್ತಾ ಇತ್ತು.

ನಾನು ಬಾಯಿ ತೆರೆಯುವ ಮುಂಚೆ ಅತ್ತೆಯೇ ಮಾತಾಡಿದರು. ನನ್ನ ಕಡೆ ನೋಡಲಿಲ್ಲ.

"ನೀನೂ ಕೆಮ್ತಿದ್ದೆ."

"ಹೂಂ."

"ನಾಟಕ ಆಡ್ತಾವ್ಳೆ ಅಂದ್ಕಂಡಿದ್ದೆ ಕಣೆ ನಾನು. ಪ್ಯಾಟೆ ಉಡ್ಗಿ, ನಯನಾಜೂಕು ಅಂತ." ಬುಟ್ಟಿಯನ್ನು ತೊಡೆಯ ಮೇಲೆ ಸರಿಮಾಡಿಕೊಂಡು, "ಬಾಯ್ಬಿಟ್ಟು ಯೋಳ್ಬಾರ್ದಾಗಿತ್ತಾ?" ಎಂದರು.

"ಹೇಳಿದ್ದೆ ಅತ್ತೆ."

ಮುಂದಿನ ಬಸ್ಸು ಸ್ವಲ್ಪ ಸರಿಯಿತು. ನಮ್ಮ ಆಟೋ ಸ್ವಲ್ಪ ಸರಿಯಿತು.

"ಊಂ. ಯೋಳಿದ್ದೆ," ಎಂದರು. ಬುಟ್ಟಿಯ ಮೇಲೆ ಹೊದಿಸಿದ್ದ ಬಟ್ಟೆಯನ್ನು ಒಂದು ಕಡೆಯಿಂದ ಸರಿಸಿ ಗಾಳಿ ಬಿಟ್ಟರು. ನನ್ನ ಭಾಷಣ ಎಲ್ಲಿ ಹೋಯಿತೋ ಗೊತ್ತಿಲ್ಲ. ಅಷ್ಟು ವರ್ಷ ಜೋಪಾನ ಮಾಡಿದ್ದು ಹೀಗೆ ವ್ಯರ್ಥವಾಯಿತಲ್ಲ ಎಂದು ನನಗೆ ಸ್ವಲ್ಪ ಬೇಜಾರೇ ಆಯಿತು.

ಮನೆಗೆ ಬಂದವರೇ ಸೀರೆ ಬದಲಾಯಿಸದೆ ತಾರಸಿಗೆ ಹೋಗಿ ಟಾರ್ಪಾಲು ಕಿತ್ತರು. ಬಿಚ್ಚಿದರು ಎನ್ನುವುದಕ್ಕಿಂತ ಕಿತ್ತರು ಎನ್ನುವುದೇ ಸರಿ. ಶೆಡ್ಡನ್ನು ಪೂರ್ತಿ ತೊಳೆದೆವು. ಉಚ್ಚೆ ನಿಲ್ಲದ ಹಾಗೆ ಗೂಡಿನ ಕೆಳಗೆ ತಟ್ಟೆ ಇಟ್ಟೆವು. ಇನ್ನೊಂದೆರಡು ಮೊಲಗಳೂ ಸೀನಲು ಶುರುಮಾಡಿದ್ದವು. ಅವನ್ನು ತಾರಸಿಯ ಆ ತುದಿಗೆ ಸರಿಸಿ ಅವಕ್ಕೂ ಮದ್ದು ಮಾಡಿಸಿದೆವು. ಮರಿ ಕೊಡುವುದನ್ನು ನಿಲ್ಲಿಸಿದೆ. ಕೇಳಿದವರಿಗೆಲ್ಲ ಶೀತ ಅಂತ ಹೇಳಿದೆ. ಒಬ್ಬರು ನನಗೇ ಶೀತ ಎಂದುಕೊಂಡು ಕಷಾಯ ಕುಡಿಯಲು ಹೇಳಿದರು.

ಹುಡುಗಿಯನ್ನು ಎಲ್ಲಿಡುವುದು? ಬೇರೆ ಮೊಲಕ್ಕೆ ಅವಳ ಗಾಳಿಯೂ ಸೋಕಬಾರದು, ಆದರೆ ಅವಳಿಗೆ ಗಾಳಿ ಬೇಕು. "ನನ್ ರೂಮಲ್ಲಿರ್ಲಿ," ಎಂದರು ಅತ್ತೆ. ಸಂಜೆ ಆರಕ್ಕೆ ಕಿಟಕಿ ಹಾಕಿ, ಸೊಳ್ಳೆ ಮತ್ತು ಶೀತ ಎರಡನ್ನೂ ಆಚೆ ನಿಲ್ಲಿಸಿ ಮಲಗುವವರ ರೂಮದು. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿ, ಬಾಗಿಲನ್ನು ಪೂರ್ತಿ ತೆರೆದಿಟ್ಟರು. ಡಿಸೆಂಬರಿನ ಚಳಿ. ಮೊಲಕ್ಕೆ ಕಟ್ಟಲಾಗದ ಬಟ್ಟೆಯನ್ನು ಕೊನೆಗೆ ತಮ್ಮ ಕಿವಿಗೇ ಕಟ್ಟಿಕೊಂಡು, ಎರಡು ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದರು. ನಮ್ಮವರು ಅಮ್ಮನನ್ನು ನೋಡಿ, "ಊಟಿಗೆ ಹೋಗಿದ್ಯಾ?" ಅಂತ ತಮಾಷೆ ಮಾಡಿ ಬೈಸಿಕೊಂಡರು.

ಇಂಜೆಕ್ಷನ್ ಚುಚ್ಚಲು ಡಾಕ್ಟರ್ ನನಗೇ ಕಲಿಸಿಕೊಟ್ಟಿದ್ದರು. ಅತ್ತೆ ಹಿಡಿಯುವುದು, ನಾನು ಕತ್ತಿನ ಮೇಲಿನ ಚರ್ಮ ಎತ್ತಿ ಚುಚ್ಚುವುದು. ಚುಚ್ಚುವಾಗ ನಾವಿಬ್ಬರೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆವು ಎಂದು ನಮ್ಮವರು ಆರೋಪಿಸುತ್ತಾರೆ. ಅವರಿಗೇನು ಗೊತ್ತು, ಅವರು ಆ ಹೊತ್ತಿಗೆ ಹಾಲು ತರಲು ಹೋಗುತ್ತಿದ್ದರು, ಮನೆಯಲ್ಲಿ ಹಾಲಿದ್ದರೂ. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಅತ್ತೆ ಅವಳ ಮೂಗು ಒರೆಸುತ್ತಿದ್ದರು. ಬೆಳಿಗ್ಗೆ ಮರಿಗಳನ್ನು ತಂದು ಹಾಲಿಗೆ ಬಿಡುವುದು, ಸಾಲದ್ದಕ್ಕೆ ಡಾಕ್ಟರ್ ಕೊಟ್ಟ ಪುಡಿ ಕಲಸಿ ಡ್ರಾಪರಿನಲ್ಲಿ ಹನಿಸುವುದು. ತೀರಾ ಬಡಕಲಾಗಿದ್ದ ಒಂದು ಮರಿ ಉಳಿಯಲಿಲ್ಲ. ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದೆವು. ಅವತ್ತು ಅತ್ತೆ ಊಟವನ್ನು ಅರ್ಧಕ್ಕೆ ಬಿಟ್ಟರು. ಹುಡುಗಿ ಹಿಂಡಿ ಮುಟ್ಟುತ್ತಲೇ ಇರಲಿಲ್ಲ. ಸಿರಿಂಜಿನಲ್ಲಿ ಬಾಯಿಗೆ ಗಂಜಿ ಹಾಕಿದರೆ ಅರ್ಧ ಆಚೆ. ನಾನು ಒಳಗೊಳಗೇ ಕೈಚೆಲ್ಲಿದ್ದೆ. ಅತ್ತೆಗೆ ಹೇಳುವ ಧೈರ್ಯ ನನಗಿರಲಿಲ್ಲ.

ಒಂದು ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದೆ. ಅತ್ತೆ ರೂಮಿನಲ್ಲಿ ನೆಲದ ಮೇಲೆ ಕೂತು ಸಾರಿಗೆ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ನನ್ನನ್ನು ಕರೆದರು. ಅವರು ಕರೆದರೆ ಬೀದಿಯ ಆ ತುದಿಗೂ ಕೇಳಿಸುತ್ತದೆ. ಅವತ್ತು ಪಿಸುಗುಟ್ಟಿದರು. ಹೋಗಿ ನೋಡಿದರೆ ಕಂತೆಯ ಒಂದು ತುದಿ ಅತ್ತೆಯ ಕೈಯಲ್ಲಿ, ಇನ್ನೊಂದು ತುದಿ ಹುಡುಗಿಯ ಬಾಯಲ್ಲಿ. ಕಟಕಟ ಅಂತ ತಿನ್ನುತ್ತಿದ್ದಾಳೆ. ಅತ್ತೆ ಕೈ ಅಲುಗಿಸದೆ, ಉಸಿರೂ ಬಿಡದೆ ಕೂತಿದ್ದಾರೆ. ನಾನು ಬಾಗಿಲಲ್ಲೇ ಕುಸಿದು ಕೂತು ಗೊಳೋ ಅಂತ ಅತ್ತುಬಿಟ್ಟೆ. ಖುಷಿಗೆ. ಅವತ್ತಿನ ಸಾರಿಗೆ ಕೊತ್ತಂಬರಿ ಇರಲಿಲ್ಲ.

ಹುಡುಗಿ ಉಳಿದಳು. ಐದು ಮರಿಯೂ ಉಳಿದವು. ಈಗಲೂ ಚಳಿಗಾಲದಲ್ಲಿ ಒಮ್ಮೊಮ್ಮೆ ಸೀನುತ್ತಾಳೆ. ಮತ್ತೆ ತಾರಸಿಗೆ ಹೋಗಲಿಲ್ಲ, ಅತ್ತೆಯ ಮಂಚದ ಕೆಳಗೇ ಅವಳ ಸಂಸಾರ. ಕೆಂಪಾಪುರದವರು ಒಂದು ದಿನ ಫೋನ್ ಮಾಡಿ, ಮತ್ತೆ ಯಾವಾಗ ಕರ್ಕೊಂಡ್ ಬರ್ತೀರ ಅಂತ ಕೇಳಿದರು. ನಾನು ನಾಜೂಕಾಗಿ ಹೇಳಲು ಪದ ಹುಡುಕುತ್ತಿದ್ದೆ. ಅತ್ತೆ ಫೋನ್ ಕಿತ್ತುಕೊಂಡು, "ನಮ್ ಉಡ್ಗಿಗೆ ಇನ್ನು ಗಂಡನ ಮನೆ ಬ್ಯಾಡ ಕಣಪ್ಪ. ಮೊದ್ಲು ನಿಮ್ ಉಡುಗನ್ನ ಡಾಕ್ಟ್ರ ತಾವ ತೋರ್ಸಿ," ಎಂದು ಇಟ್ಟೇಬಿಟ್ಟರು. ಆಮೇಲೆ ಅವರು ನಿಜವಾಗಿ ತೋರಿಸಿದರಂತೆ.

ಎಲ್ಲ ಸರಿಹೋಯಿತು, ಒಂದನ್ನು ಬಿಟ್ಟು. ಅತ್ತೆ ಬಾಣಂತನದ ಮಾತನ್ನೇ ಎತ್ತುತ್ತಿರಲಿಲ್ಲ. ಮೂರು ಮನೆ ಆಚೆಯಾಕೆ ಬಂದು, ಮಗಳಿಗೆ ಹೆರಿಗೆಯಾಗಿದೆ, ನೀವೇ ಬಂದು ನೋಡಿಕೊಳ್ಳಬೇಕು ಎಂದಾಗ, "ನನ್ ಕೈಲಾಗಕ್ಕಿಲ್ಲ ಕಣವ್ವ. ಬ್ಯಾರೆ ಯಾರ್ನಾರ ನೋಡ್ಕಳಿ," ಅಂದುಬಿಟ್ಟರು. ಮೊಣಕಾಲು ಸವರಿಕೊಂಡರು. ನೋವು ಮೊಣಕಾಲಿನದಲ್ಲ ಎಂದು ನನಗೆ ಗೊತ್ತಿತ್ತು. ಅಷ್ಟು ಜೋರಿನ ಹೆಂಗಸು ಹಾಗೆ ಸಣ್ಣಗಾದದ್ದನ್ನು ನೋಡಲು ನನಗೆ ಆಗಲಿಲ್ಲ. ನಾನು ಬೇಕು ಎಂದು ಬಯಸಿದ್ದು ಇದನ್ನೇ ತಾನೇ, ಆದರೂ ಆಗಲಿಲ್ಲ. "ನಡೀರಿ ಅತ್ತೆ, ನಾನೂ ಬರ್ತೀನಿ. ನಿಮ್ಮ ಹಾಗೆ ಎಣ್ಣೆ ತಿಕ್ಕೋರು ಈಗ ಯಾರಿದಾರೆ?" ಎಂದು ಎಬ್ಬಿಸಿಕೊಂಡು ಹೋದೆ.

ಆ ಮನೆಯವರು ಎಲ್ಲ ಸಿದ್ಧಮಾಡಿಟ್ಟಿದ್ದರು. ಕಿಟಕಿ ಮುಚ್ಚಿ ಪರದೆ ಎಳೆದಿತ್ತು. ಮೂಲೆಯಲ್ಲಿ ಕೆಂಡದ ಬಟ್ಟಲು. ಆಗಲೇ ಯಾರೋ ಸಾಂಬ್ರಾಣಿ ಹಾಕಿ ಕೋಣೆಯೆಲ್ಲ ಮಬ್ಬಾಗಿತ್ತು. ಮಂಚದ ಮೇಲೆ ಆ ಹುಡುಗಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಮ್ಮನ್ನು ನೋಡಿ ನಕ್ಕಳು. ಆಮೇಲೆ ಕೆಮ್ಮು ಬಂತು. ಹಿರಿಯರು ಬಂದಿದ್ದಾರೆ ಅಂತಲೋ ಏನೋ, ಅಂಗೈ ಬಾಯಿಗೆ ಅಡ್ಡ ಇಟ್ಟು ಅದನ್ನು ನುಂಗಿಕೊಂಡಳು. ನುಂಗಿದ ಕೆಮ್ಮು ಹೇಗಿರುತ್ತದೆ ಎಂದು ನನಗೆ ಗೊತ್ತು.

ಅತ್ತೆ ಹೊಸ್ತಿಲಲ್ಲೇ ನಿಂತರು. ಒಮ್ಮೆ ಅವಳನ್ನು ನೋಡಿದರು, ಒಮ್ಮೆ ನನ್ನನ್ನು. ಆಮೇಲೆ ಸೀದಾ ಹೋಗಿ ಪರದೆ ಸರಿಸಿ ಕಿಟಕಿಯ ಎರಡೂ ಬಾಗಿಲು ತೆಗೆದರು.

"ಅಯ್ಯೋ, ಬಾಣಂತಿಗೆ ಗಾಳಿ ಬೀಳ್ತದೆ ಕಣಮ್ಮ!" ಎಂದು ಅವಳ ತಾಯಿ ಓಡಿಬಂದಳು. ಗಾಳಿ ಬಿದ್ದರೆ ಏನೇನಾಗುತ್ತದೆ ಎಂದು ಅವಳಿಗೆ ಹೇಳಿಕೊಟ್ಟವರು ನಮ್ಮತ್ತೆಯೇ.

"ಬೀಳ್ಲಿ ಬುಡು. ಮಗ ಉಸ್ರಾಡ್ಲಿ," ಎಂದು ಅತ್ತೆ ಕೆಂಡದ ಬಟ್ಟಲನ್ನು ಕಣ್ಣಲ್ಲೇ ನನಗೆ ತೋರಿಸಿದರು. "ಇದನ್ನ ಆಚೆ ಮಡಗ್ಬುಟ್ಟು ಬಾರೆ."

ಬಟ್ಟಲನ್ನು ಅಂಗಳದಲ್ಲಿಟ್ಟು ವಾಪಸ್ ಬಂದೆ. ಹೊಗೆ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು. ಅತ್ತೆ ಮಂಚದ ತುದಿಯಲ್ಲಿ ಕೂತು, ಹರಳೆಣ್ಣೆ ಬೆಚ್ಚಗೆ ಮಾಡಿಸಿಕೊಂಡು, ಆ ಹುಡುಗಿಯ ಪಾದವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕಲು ಶುರುಮಾಡಿದ್ದರು.

"ಕೆಮ್ಮು ಬಂದ್ರೆ ಕೆಮ್ಮು, ನುಂಗ್ಬ್ಯಾಡ," ಎನ್ನುತ್ತಿದ್ದರು. "ಏನಾದ್ರೂ ಆದ್ರೆ ನಂಗೆ ಯೋಳು. ಒಂದ್ಸಲ ಯೋಳಿದ್ರೆ ಸಾಕು ಮಗ, ನಂಗೆ ಕೇಳಿಸ್ತದೆ."